31.89% ಕಡಿಮೆ ಅಂದರೆ, ಯಾವುದಕ್ಕಿಂತ ಕಡಿಮೆ?

ಗದಗ ಟೀಚರ್:
ಇಲ್ಲಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಹವಾಮಾನದ ಪ್ಯಾರಿಸ್ ಒಪ್ಪಂದದ ಬಗ್ಗೆ ಹೇಳುವಾಗ, ಇಂಡೋನೇಷ್ಯಾ 2030ಕ್ಕೆ 31.89% ಹೊಗೆ (ಅಂದರೆ ಭೂಮಿಯನ್ನು ಬಿಸಿ ಮಾಡುವ ಅನಿಲ) ಕಡಿಮೆ ಮಾಡುತ್ತೇನೆ ಅಂತ ಮಾತು ಕೊಟ್ಟಿದೆ ಎಂದು ಬೋರ್ಡ್ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ‘ಯಾವುದಕ್ಕಿಂತ ಕಡಿಮೆ ಮೇಡಂ?’ ಅಂದಳು. ಮನೆಗೆ ಬಂದು ಹುಡುಕಿದೆ. ಏನೂ ಕ್ರಮ ತೆಗೆದುಕೊಳ್ಳದೆ ಹಾಗೇ ಬಿಟ್ಟಿದ್ದರೆ 2030ರಲ್ಲಿ ಎಷ್ಟಾಗುತ್ತಿತ್ತೋ ಅದಕ್ಕಿಂತ ಕಡಿಮೆ ಅಂತೆ, ಅದಕ್ಕೆ ಬೇಸ್‌ಲೈನ್ ಅನ್ನುತ್ತಾರಂತೆ. ಆಗದೇ ಇರುವುದರ ಅಂದಾಜು ಹಿಡಿದು ಮಾತು ಉಳಿಸಿಕೊಂಡರೋ ಇಲ್ಲವೋ ಹೇಗೆ ನೋಡುವುದು? ಸೋಮವಾರ ಅವಳಿಗೆ ಸರಿಯಾದ ಉತ್ತರ ಕೊಡಬೇಕು.

ಧಾರವಾಡ ಸಪ್ತಾಪುರ:
ಒಳ್ಳೆ ಪ್ರಶ್ನೆ ಕೇಳಿದ್ದಾಳೆ ಮೇಡಂ. ಶೇಕಡಾ ಬದಿಗಿಟ್ಟು ಟನ್ ಲೆಕ್ಕ ಹಾಕಿ. ಇಂಡೋನೇಷ್ಯಾದ 2030ರ ಅಂದಾಜು 286.9 ಕೋಟಿ ಟನ್. ಅದರಲ್ಲಿ 31.89% ಕಳೆದರೆ ಸುಮಾರು 195 ಕೋಟಿ. 2010ರಲ್ಲಿ ಆ ದೇಶ ಬಿಟ್ಟಿದ್ದು 133.4 ಕೋಟಿ. ಮಾತು ಪೂರ್ತಿ ಉಳಿಸಿಕೊಂಡರೂ 2010ಕ್ಕಿಂತ ಜಾಸ್ತಿಯೇ ಆಯಿತು ಅಲ್ವಾ? ಬೆಳೆಯುವ ದೇಶ ಹಾಗೆ ಕೇಳುವುದರಲ್ಲಿ ತಪ್ಪಿಲ್ಲ, ಆದರೆ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಲೇಬೇಕು.

ನನಗೆ ನಿಜವಾಗಿ ಸಿಟ್ಟು ಬರುವುದು ಅಂದಾಜನ್ನೇ ನಡುವೆ ಎತ್ತರಿಸಿದಾಗ. ಮೆಕ್ಸಿಕೋ 2015ರಲ್ಲಿ 97.3 ಕೋಟಿ ಟನ್ ಅಂದಾಜಿನಿಂದ 22% ಇಳಿಸುತ್ತೇನೆ ಅಂದಿತ್ತು. 2020ರಲ್ಲಿ ಅಂದಾಜು 99.1 ಕೋಟಿ ಆಯಿತು, 22% ಮಾತ್ರ ಹಾಗೇ ಉಳಿಯಿತು. ಒಂದು ಅಕ್ಷರ ಬದಲಾಗದೆ ಸುಮಾರು 1.4 ಕೋಟಿ ಟನ್ ಜಾಸ್ತಿ ಬಿಡಲು ಜಾಗ ಸಿಕ್ಕಿತು. ದಕ್ಷಿಣ ಕೊರಿಯಾ ಇದಕ್ಕೆ ಉಲ್ಟಾ. ಮೊದಲು 85.06 ಕೋಟಿ ಅಂದಾಜಿನಿಂದ 37% ಕಡಿಮೆ ಅಂದಿತ್ತು, 2020ರಲ್ಲಿ ಅದನ್ನೇ 2017ಕ್ಕಿಂತ 24.4% ಕಡಿಮೆ ಅಂತ ಬರೆಯಿತು. ಎರಡರಲ್ಲೂ ಬರುವುದು ಸುಮಾರು 53.6 ಕೋಟಿ ಟನ್ನೇ. ಆದರೆ 2017 ಆಗಿಹೋದ ವರ್ಷ, ಅದನ್ನು ಎಳೆದಾಡಲು ಆಗುವುದಿಲ್ಲ. ಮರು ವರ್ಷ ಅವರು ಗುರಿಯನ್ನೂ ಬಿಗಿ ಮಾಡಿ 2018ಕ್ಕಿಂತ 40% ಅಂದರು.

ಹಾವೇರಿ ಗೋವಿನಜೋಳ:
ರೈತನಾಗಿ ಹೇಳುತ್ತೇನೆ ಅಕ್ಕಾ, ಬೆಳೆ ವಿಮೆಯಲ್ಲಿ ನಮಗೆ ಇದೇ ಲೆಕ್ಕ ಬರುತ್ತದೆ. ಈ ವರ್ಷ ಎಷ್ಟು ಬೆಳೆಯಬಹುದಿತ್ತು ಅಂತ ಅಲ್ಲಿ ಯಾರೂ ಊಹೆ ಮಾಡುವುದಿಲ್ಲ. ಹಿಂದಿನ 7 ವರ್ಷದಲ್ಲಿ ಚಲೋ ಬೆಳೆದ 5 ವರ್ಷದ ಸರಾಸರಿ ಹಿಡಿದು ಮಟ್ಟ ಕಟ್ಟುತ್ತಾರೆ, ಆಮೇಲೆ ಹೊಲದಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ ತೂಗಿ ನೋಡುತ್ತಾರೆ. ಇಳುವರಿಯನ್ನು ಯಾವ ಮಟ್ಟದ ಪಕ್ಕ ಇಡುತ್ತಾರೆ ಅನ್ನುವುದರ ಮೇಲೆ ನಮ್ಮ ಪರಿಹಾರ ನಿಂತಿದೆ, ಹಾಗಾಗಿ ಮಟ್ಟ ಮೊದಲೇ ಗೊತ್ತಿರಬೇಕು, ನಡುವೆ ಅಲ್ಲಾಡಬಾರದು. ನಮ್ಮ ದೇಶ ಯಾವ ಥರದ ಮಾತು ಕೊಟ್ಟಿದೆ?

ಹುಬ್ಬಳ್ಳಿ ವಿದ್ಯಾನಗರ:
ಭಾರತದ್ದು ಅಂದಾಜಿನ ಮೇಲೆ ನಿಂತಿಲ್ಲ ಅಣ್ಣಾ. ಜಿಡಿಪಿಯ ಪ್ರತಿ ರೂಪಾಯಿಗೆ ಎಷ್ಟು ಹೊಗೆ ಅನ್ನುವುದನ್ನು 2030ಕ್ಕೆ 2005ಕ್ಕಿಂತ 45% ಇಳಿಸುವುದು, 2022ರಲ್ಲಿ ಕೊಟ್ಟ ಮಾತು. 2020ರ ಹೊತ್ತಿಗೆ 36% ಇಳಿದಿದೆ ಅಂತ ಸರ್ಕಾರದ ವರದಿ ಹೇಳುತ್ತದೆ. ಜಿಡಿಪಿ ಬೆಳೆದಂತೆ ಒಟ್ಟು ಹೊಗೆ ಏರಲೂಬಹುದು, ಅದನ್ನೂ ಮಕ್ಕಳಿಗೆ ಹೇಳಿ ಮೇಡಂ.

ಹಾಗಂತ ಅಂದಾಜು ಸುಮ್ನೆ ಅಲ್ಲ. ಈಗಿನ ದಾರಿಯಲ್ಲೇ ಹೋದರೆ ಎಲ್ಲಿಗೆ ಮುಟ್ಟುತ್ತೇವೆ ಅಂತ 2030 ಬರುವ ಮೊದಲೇ ತಿಳಿಯಲು ಬೇರೆ ಉಪಾಯವಿಲ್ಲ. ಅದರೊಳಗೆ ಏನೇನು ಸೇರಿಸಿದ್ದಾರೆ ಅಂತ ಮಾತ್ರ ಕೇಳಬೇಕು. ನಿಮ್ಮ ಗದಗದ ಗಾಳಿಯಂತ್ರಗಳನ್ನೇ ನೋಡಿ, ಪ್ಯಾರಿಸ್ ಒಪ್ಪಂದವಾದ 2015ಕ್ಕೂ ಮೊದಲೇ ತಿರುಗುತ್ತಿದ್ದವು. ಅವು ಇಲ್ಲವೇ ಇಲ್ಲ ಅಂತ ಬೇಸ್‌ಲೈನ್ ಬರೆದು, ಆಮೇಲೆ ಅವುಗಳ ಕರೆಂಟನ್ನು ಹೊಸ ಕಡಿತ ಅಂತ ತೋರಿಸಿದರೆ ಅದು ಮೋಸ. ಇನ್ನೊಂದು, ಆರ್ಥಿಕತೆ ಎಷ್ಟು ಬೆಳೆಯುತ್ತದೆ ಅಂತ ಹಿಡಿದಿದ್ದಾರೆ? ಜಾಸ್ತಿ ಹಿಡಿದರೆ ಅಂದಾಜು ಉಬ್ಬುತ್ತದೆ. 2020ರಲ್ಲಿ ಕೊರೋನಾದಿಂದ ಬಹಳಷ್ಟು ದೇಶಗಳಲ್ಲಿ ಹೊಗೆ ಇಳಿಯಿತು, ಹಳೆ ಅಂದಾಜಿನ ಪಕ್ಕ ಇಟ್ಟರೆ ಏನೂ ಮಾಡದ ದೇಶವೂ ಮಾತು ಉಳಿಸಿಕೊಂಡ ಹಾಗೆ ಕಾಣುತ್ತದೆ.

ಗದಗ ಟೀಚರ್:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗಾಳಿಯಂತ್ರದ ಉದಾಹರಣೆಯನ್ನೇ ಹೇಳುತ್ತೇನೆ, ಅವು ನಮ್ಮ ಶಾಲೆಯ ಕಿಟಕಿಯಿಂದಲೇ ಕಾಣುತ್ತವೆ. ಬೋರ್ಡ್ ಮೇಲೆ 133.4 ಮತ್ತು 286.9 ಎರಡನ್ನೇ ಬರೆದು, 195 ಎಲ್ಲಿ ಬರುತ್ತದೆ ಅಂತ ಆ ಹುಡುಗಿ ಕೈಯಲ್ಲೇ ಗುರುತು ಹಾಕಿಸುತ್ತೇನೆ.