ಆಟೋಮ್ಯಾಟಿಕ್ ಕಾರ್ ವಾಶ್‌ಗೆ ಬಿಟ್ರೆ ಪೇಂಟ್ ಹಾಳಾಗುತ್ತಾ? ನನ್ನ ಕಪ್ಪು ಕಾರು ಜೇಡರ ಬಲೆ ಆಗೋಗಿದೆ

ಕರಿಮುತ್ತು_ಬೆಂಗಳೂರು:

ಎಲ್ರಿಗೂ ನಮಸ್ಕಾರ, ಕಾರು ಪೇಂಟ್ ಬಗ್ಗೆ ಗೊತ್ತಿರೋರು ಸ್ವಲ್ಪ ಹೇಳಿ ಪ್ಲೀಸ್. ನಂದು ಕಪ್ಪು ಕಲರ್ ಕಾಂಪ್ಯಾಕ್ಟ್ ಎಸ್‌ಯುವಿ, ತಗೊಂಡು ಎರಡು ವರ್ಷ ಆಯ್ತು. ಕಪ್ಪು ಬೇಡ ಅಂತ ಮನೇಲಿ ಎಲ್ರೂ ಬಡ್ಕೊಂಡ್ರು, ಅಮ್ಮ ಅಂತೂ ಶನಿ ಬಣ್ಣ ಅಂದ್ರು, ನಾನು ಕೇಳ್ಲಿಲ್ಲ. ಮೊನ್ನೆ ರಾತ್ರಿ ಪೆಟ್ರೋಲ್ ಬಂಕಲ್ಲಿ ಆ ಬಿಳಿ ಲೈಟ್ ಕೆಳಗೆ ನಿಲ್ಸಿದಾಗ ನೋಡ್ತೀನಿ, ಬಾನೆಟ್ ಮೇಲೆ, ಡೋರ್ ಮೇಲೆ, ಎಲ್ಲಾ ಕಡೆ ರೌಂಡ್ ರೌಂಡ್ ಸಣ್ಣ ಗೀರುಗಳು, ಥೇಟ್ ಜೇಡರ ಬಲೆ. ಹಗಲು ಹೊತ್ತು ನೆರಳಲ್ಲಿ ಏನೂ ಕಾಣಲ್ಲ.

ನಮ್ಮನೆಯವ್ರು ಹೇಳೋದು ನೀನು ಆ ಮೆಷಿನ್ ವಾಶ್‌ಗೆ ಮೂರು ಸಲ ಬಿಟ್ಟಿದ್ದಕ್ಕೇ ಹಿಂಗಾಗಿದೆ ಅಂತ. ನೀಲಿ ಪಟ್ಟಿ ಪಟ್ಟಿ ಇರೋ ದೊಡ್ಡ ಬ್ರಶ್ ಮೇಲಿಂದ ಬಂದು ಪಕ್ಕದಿಂದ ಬಂದು ತಿರುಗುತ್ತಲ್ಲ, ಅದು. ಹತ್ತು ನಿಮಿಷದಲ್ಲಿ ಮುಗಿಯುತ್ತೆ ಅಂತ ನಾನು ಹೋಗ್ತಿದ್ದೆ, ಮಗಳಿಗೂ ಒಳಗೆ ಕೂತು ನೋಡೋಕೆ ಖುಷಿ. ಅದು ಬಿಟ್ರೆ ದಿನಾ ಬೆಳಗ್ಗೆ ಅಪಾರ್ಟ್‌ಮೆಂಟ್‌ನಲ್ಲಿ ಒಬ್ರು ಒರೆಸ್ತಾರೆ ಅಷ್ಟೆ. ಇನ್ನೊಂದು ವಿಷ್ಯ, ಹೋದ ತಿಂಗಳು ಪಿಲ್ಲರ್‌ಗೆ ಉಜ್ಜಿ ಎಡಗಡೆ ಡೋರು ಫೆಂಡರು ಎರಡೂ ರೀಪೇಂಟ್ ಆಗಿದೆ. ಒಂದು ಡೀಟೇಲಿಂಗ್ (ಕಾರ್ ಪಾಲಿಶ್ ಮಾಡೋ) ಅಂಗಡಿಗೆ ಹೋಗಿ ಕೇಳಿದ್ರೆ ಮುಖಾನೂ ನೋಡದೆ ಸೆರಾಮಿಕ್ ಕೋಟಿಂಗ್, ಅದೇ ಪೇಂಟ್ ಮೇಲೆ ಬಳಿಯೋ ರಕ್ಷಣೆಯ ಪದರ, ಇಪ್ಪತ್ತೆಂಟು ಸಾವಿರ ಅಂದ್ರು. ನಿಜವಾಗ್ಲೂ ಮೆಷಿನ್ ತಪ್ಪಾ? ಇನ್ಮುಂದೆ ಹೋಗ್ಲಾ ಬೇಡ್ವಾ?

ಗೇರ್_ಗುಂಡ:

ಮೇಡಂ ಕಣ್ಣು ಮುಚ್ಕೊಂಡು ಹೇಳ್ತೀನಿ, ಮೆಷಿನ್ನೇ. ಬ್ರಶ್ ರೌಂಡಾಗಿ ತಿರುಗುತ್ತೆ, ಗೀರೂ ರೌಂಡಾಗಿದೆ, ಇನ್ನೇನ್ ಸಾಕ್ಷಿ ಬೇಕು? ನನ್ನ ಫ್ರೆಂಡ್ ಒಬ್ಬ ಹೊಸ ಕಾರು ತಗೊಂಡು ಮೊದಲನೇ ವಾರನೇ ಬಿಟ್ಟ, ಹಿಂದಿನ ವೈಪರ್ ಕಿತ್ಕೊಂಡು ಬಂತು. ಆಮೇಲೆ ಬೋರ್ಡ್ ತೋರಿಸ್ತಾರೆ, ಡ್ಯಾಮೇಜ್‌ಗೆ ನಾವು ಜವಾಬ್ದಾರಿ ಅಲ್ಲ ಅಂತ. ಎರಡು ಬಕೆಟ್ ನೀರು ತಗೊಂಡು ಭಾನುವಾರ ನೀವೇ ತೊಳ್ಕೊಳ್ಳಿ, ಜಿಮ್ ದುಡ್ಡೂ ಉಳಿಯುತ್ತೆ.

ಹುಬ್ಬಳ್ಳಿ_ಪೇಂಟರ್:

ಗುಂಡಣ್ಣ, ಹಂಗಲ್ರಿ. ನಾ ಇಪ್ಪತ್ತ ವರ್ಷ ಆತು ಟಿಂಕರಿಂಗ್ ಪೇಂಟಿಂಗ್ ಗ್ಯಾರೇಜ್ ನಡಸಾಕತ್ತು, ಈ ರೌಂಡ್ ಗೀರಿನ ಮಾತು ವಾರಕ್ಕ ಒಬ್ಬರರ ಹೇಳ್ತಾರ. ಮನ್ಯಾಗ ಹಳೇ ಸ್ಟೀಲ್ ತಾಟು ಇರತೈತಲ್ಲ, ಅದನ್ನ ಬಲ್ಬ್ ಕೆಳಗ ಹಿಡೀರಿ. ಬಲ್ಬಿನ ಸುತ್ತ ರೌಂಡ್ ರೌಂಡ್ ಗೀರು ಕಾಣತಾವ. ತಾಟು ಸ್ವಲ್ಪ ಸರಿಸ್ರಿ, ಆ ರೌಂಡೂ ಲೈಟಿನ ಜೋಡಿನೇ ಸರೀತೈತಿ. ಅಂದ್ರ ಏನು? ಗೀರು ಎಲ್ಲಾ ದಿಕ್ಕಿಗೂ ಅದಾವ, ಲೈಟಿಗೆ ಅಡ್ಡ ಇದ್ದ ಗೀರು ಅಷ್ಟ ಹೊಳಿತಾವ, ಹಂಗಾಗಿ ಕಣ್ಣಿಗೆ ರೌಂಡ್ ಅನಸ್ತೈತಿ. ಸೀದಾ ಒರಸಿದ್ರೂ ಹಂಗ ಕಾಣತೈತಿ, ಬ್ರಶ್ ತಿರುಗಿದ್ರೂ ಹಂಗ. ರೌಂಡ್ ಐತಿ ಅಂತ ಮೆಷಿನ್ ಮ್ಯಾಲ ಹಾಕಾಕ ಬರಂಗಿಲ್ಲ.

ಅಕ್ಕಾರ, ನಿಮಗ ಒಂದು ಟೆಸ್ಟ್ ಹೇಳ್ತೀನಿ. ಮೊಬೈಲ್ ಟಾರ್ಚ್ ಹಿಡ್ಕೊಂಡು ಒಂದು ಸ್ಟೂಲ್ ಮ್ಯಾಲ ಹತ್ತಿ ರೂಫಿನ ನಟ್ಟನಡಕ ನೋಡ್ರಿ. ಎತ್ತರದ ಗಾಡಿ, ದಿನಾ ಒರಸಾವನ ಕೈ ಅಲ್ಲಿತನ ಮುಟ್ಟಂಗಿಲ್ಲ, ಆದ್ರ ಮೆಷಿನ್ ಬ್ರಶ್ ಮುಟ್ಟತೈತಿ. ರೂಫ್ ನಡಕನೂ ಡೋರಿನಷ್ಟ ಗೀರು ಇದ್ರ ಮೆಷಿನ್ನಿಂದು. ಡೋರ್ ಬಾನೆಟ್ ಹಾಳಾಗಿ ರೂಫ್ ಚಲೋ ಇದ್ರ ನಿಮ್ಮ ಅಪಾರ್ಟ್‌ಮೆಂಟಿನ ಧೂಳಿನ ಮ್ಯಾಲ ಒರಸೂ ಅರಬಿದು, ಅಂದ್ರ ಬಟ್ಟಿದು.

ಇನ್ನ ಪೇಂಟ್ ಅಂದ್ರ ಎಷ್ಟು ದಪ್ಪ ಅನ್ಕೊಂಡೀರಿ? ಝೆರಾಕ್ಸ್ ಹಾಳಿ ಒಂದು ಹಿಡ್ಕೊಂಡು ನೋಡ್ರಿ, ಅಷ್ಟ. ಕಂಪ್ನಿ ಪೇಂಟ್ ಪ್ರೈಮರ್, ಕಲರ್, ಕ್ಲಿಯರ್ ಎಲ್ಲಾ ಕೂಡಿ 100ರಿಂದ 130 ಮೈಕ್ರಾನ್ (ಸಾವಿರ ಮೈಕ್ರಾನಿಗೆ ಒಂದು ಮಿಲಿಮೀಟರ್) ಇದ್ರ ದೊಡ್ಡದು. ಅದ್ರಾಗ ಮ್ಯಾಲಿನ ಕ್ಲಿಯರ್ ಕೋಟ್, ಅಂದ್ರ ಬಣ್ಣ ಇಲ್ಲದ ಗಾಜಿನಂಥ ಪದರ, 40–50 ಮೈಕ್ರಾನ್, ನಮ್ಮ ತಲಿ ಕೂದಲಕಿಂತ ತೆಳ್ಳಗ. ಗೀರು ಎಲ್ಲಾ ಬೀಳೂದು ಆ ಕ್ಲಿಯರ್ ಮ್ಯಾಲ. ಬಿಳಿ ಗಾಡಿಗೂ ಅಷ್ಟ ಬಿದ್ದಿರತಾವ, ಕಾಣಂಗಿಲ್ಲ ಅಷ್ಟ. ಬಿಸಲು ತಡಿಯೂದೂ ಅದ ಕ್ಲಿಯರ್. ಈಗ ಅಂಗಡ್ಯಾಗ ಹೇಳ್ತಾರಲ್ಲ ರಬ್ಬಿಂಗ್ ಹೊಡದು ಕೊಡ್ತೀವಿ ಅಂತ, ಗೀರು ಹೋಗತಾವ ಖರೆ, ಆದ್ರ ಗೀರು ಹೋಗೂದು ಅಂದ್ರ ಸುತ್ತಲಿನ ಕ್ಲಿಯರನ್ನ ಗೀರಿನ ಮಟ್ಟಕ್ಕ ತಿಕ್ಕಿ ಇಳಿಸೂದು. ಒಮ್ಮೆ ಸರಿ, ಎರಡು ಸಲ ಸರಿ. ವರ್ಷಾ ಮಾಡ್ಸಿದ್ರ ಅಂಚಿನ ಕಡೆ ಕ್ಲಿಯರ್ ಖಾಲಿ ಆಗಿ ಕಲರ್ ಬಾಯಿ ತಗೀತೈತಿ.

ರೀಪೇಂಟ್ ಆಗಿದ್ದು ಬ್ಯಾರೆ ಮಾತು. ಕಂಪ್ನ್ಯಾಗ ಬರೀ ಬಾಡಿ ಇರತೈತಿ, 140 ಡಿಗ್ರಿ ಹತ್ರ ಕಾಸಿ ಗಟ್ಟಿ ಮಾಡ್ತಾರ. ನಮ್ಮ ಗ್ಯಾರೇಜಿನ ಪೇಂಟ್ ಬೂತ್‌ನ್ಯಾಗ 60 ಡಿಗ್ರಿ ಅಷ್ಟ, ಗಾಡ್ಯಾಗ ರಬ್ಬರ್ ಪ್ಲಾಸ್ಟಿಕ್ ವೈರಿಂಗ್ ಎಲ್ಲಾ ಇರತಾವಲ್ಲ. ಪೂರ್ತಿ ಗಟ್ಟಿ ಆಗಾಕ ಸುಮಾರು ಒಂದು ತಿಂಗಳು ಬೇಕು. ಅಲ್ಲಿತನ ಆ ಡೋರಿಗೆ ಬ್ರಶ್ಶೂ ಬ್ಯಾಡ, ವ್ಯಾಕ್ಸೂ ಬ್ಯಾಡ, ಬರೀ ನೀರು.

ಕುಡ್ಲ_ಕಡಲ್:

ಮಾರಾಯ್ರೆ ಪೇಂಟರಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಬ್ರಶ್ ಹೆದರಿಕೆ ಇದ್ದರೆ ಟಚ್‌ಲೆಸ್ ಉಂಟಲ್ಲ, ಬರೀ ಸೋಪ್ ಮತ್ತೆ ಪ್ರೆಶರ್ ನೀರು. ಆದರೆ ಅದರಲ್ಲೂ ಒಂದು ಕಿರಿಕ್ ಉಂಟು. ಉಜ್ಜುವುದಿಲ್ಲ ಅಂದ ಮೇಲೆ ಕೊಳೆ ತೆಗೆಯಲಿಕ್ಕೆ ಕೆಮಿಕಲ್ ಸ್ಟ್ರಾಂಗ್ ಹಾಕಲೇಬೇಕು, ಆಗ ನೀವು ಹಾಕಿದ ವ್ಯಾಕ್ಸ್ ಕೂಡ ಅದರ ಜೊತೆಗೇ ಹೋಗ್ತದೆ. ಅಷ್ಟು ಮಾಡಿಯೂ ಒಂದು ತೆಳು ಧೂಳಿನ ಪದರ ಉಳಿಯುವುದು, ಬೆರಳಲ್ಲಿ ಎಳೆದರೆ ಗೊತ್ತಾಗ್ತದೆ. ಅದನ್ನು ಅಲ್ಲಿಯ ಹುಡುಗ ಬಟ್ಟೆಯಲ್ಲಿ ಒರೆಸಿದರೆ ಮುಗೀತು, ಟಚ್‌ಲೆಸ್ ಮಾಡಿದ ಪುಣ್ಯ ಎಲ್ಲ ನೀರಲ್ಲಿ ಹೋಯ್ತು.

ಮತ್ತೆ ನಮ್ಮ ಸಾದಾ ವಾಟರ್ ಸರ್ವಿಸ್ ಬಗ್ಗೆ ಯಾರೂ ಹೇಳಲಿಲ್ಲ. ಗನ್ ಹಿಡಿದವನು ಅರ್ಧ ಅಡಿ ಹತ್ತಿರದಿಂದ ಹೊಡೆದರೆ, ಕಲ್ಲು ತಾಗಿ ಮೊದಲೇ ಚಿಪ್ ಆದ ಜಾಗದಲ್ಲಿ ಪೇಂಟ್ ಏಳ್ತದೆ, ಬಂಪರ್ ಅಂಚಲ್ಲಿ ಜಾಸ್ತಿ. ಒಂದೆರಡು ಅಡಿ ದೂರ ನಿಲ್ಲಲಿಕ್ಕೆ ಹೇಳಿ. ಅಡಿಗೆ ಡೀಸೆಲ್ ಹೊಡೀತೇನೆ ಹೇಳಿದರೆ ಬೇಡ ಅನ್ನಿ, ಅಡಿಯ ಜಾಯಿಂಟ್‌ಗಳಲ್ಲಿ ಇರುವ ಬುಶ್‌ಗಳೆಲ್ಲ ರಬ್ಬರ್, ಡೀಸೆಲ್ ಬಿದ್ದು ಬಿದ್ದು ಊದಿಕೊಳ್ತದೆ. ನಾವು ಕಡಲ ಬದಿಯವರು, ನಮಗೆ ಮೇಲಿನ ಗೀರಿಗಿಂತ ಅಡಿಯ ತುಕ್ಕಿನದ್ದೇ ಚಿಂತೆ, ಅಡಿ ತೊಳೆಯುವ ಮೆಷಿನ್ ಇದ್ದರೆ ನಾನಂತೂ ಕಣ್ಣು ಮುಚ್ಚಿ ಹೋಗ್ತೇನೆ.

ಸ್ಟುಟ್‌ಗಾರ್ಟ್‌ವಾಸಿ:

ನಾನು ಮೂಲ ತುಮಕೂರು, ಈಗ ಜರ್ಮನೀಲಿ ಇದೀನಿ. ಇಲ್ಲಿ ಮನೆ ಮುಂದೆ ರೋಡಲ್ಲಿ ಸೋಪ್ ಹಾಕಿ ಕಾರು ತೊಳಿಯೋಕೆ ತುಂಬಾ ಊರುಗಳಲ್ಲಿ ಬಿಡಲ್ಲ, ಆಯಿಲ್ಲು ಸೋಪು ಎಲ್ಲಾ ಅಂತರ್ಜಲಕ್ಕೆ ಹೋಗುತ್ತೆ ಅಂತ. ನಾನು ಬಂದ ಹೊಸದ್ರಲ್ಲಿ ಬಕೆಟ್ ಹಿಡ್ಕೊಂಡು ಕೆಳಗಿಳಿದಿದ್ದೆ, ಎದುರುಮನೆ ಅಜ್ಜಿ ಕಿಟಕಿ ತೆಗೆದು ಏನೋ ಅಂದ್ರು, ಭಾಷೆ ಬರ್ದಿದ್ರೂ ಅರ್ಥ ಆಯ್ತು. ಹಂಗಾಗಿ ಇಲ್ಲಿ ಬಹಳ ಜನಕ್ಕೆ ಮೆಷಿನ್ ವಾಶೇ ಗತಿ. ಕಾರು ಅಂದ್ರೆ ಪ್ರಾಣ ಬಿಡೋ ದೇಶದಲ್ಲಿ ಎಲ್ರ ಪೇಂಟೂ ಹಾಳಾಗಿ ಹೋಗಿಲ್ವಲ್ಲ.

ಆದ್ರೆ ಇಲ್ಲಿ ಮಾಡೋ ರೀತಿ ಬೇರೆ. ಒಳ್ಳೆ ಟನೆಲ್ ವಾಶಲ್ಲಿ ಬ್ರಶ್ ಹತ್ರ ಹೋಗೋಕೆ ಮುಂಚೆ ಇಬ್ರು ನಿಂತು ಪ್ರೆಶರ್ ಗನ್ನಲ್ಲಿ ಮಣ್ಣೆಲ್ಲಾ ಇಳಿಸ್ತಾರೆ, ವೀಲ್ ಹತ್ರ ಬಂಪರ್ ಹತ್ರ ನೊರೆ ಹಾಕಿ ಒಂದೆರಡು ನಿಮಿಷ ನೆನೆಯೋಕೆ ಬಿಡ್ತಾರೆ. ಆಮೇಲೆ ಬಟ್ಟೆ ಪಟ್ಟಿ ಬರುತ್ತೆ. ಮುಂಚೆ ಇದ್ದ ಗಡುಸು ನೈಲಾನ್ ಕೂದಲಿನ ಬ್ರಶ್ ಈಗ ಕಮ್ಮಿ, ಬಟ್ಟೆ ಇಲ್ಲಾಂದ್ರೆ ಫೋಮ್ ಜಾಸ್ತಿ. ಮೇಡಂ ಹೇಳಿದ ನೀಲಿ ಪಟ್ಟಿನೂ ಫೋಮೇ ಇರ್ಬೇಕು, ಅದೇನ್ ಅಂಥ ಮೋಸ ಇಲ್ಲ. ಕೇಳ್ಬೇಕಾಗಿರೋದು ಎರಡೇ. ಬ್ರಶ್ ಮುಟ್ಟೋಕೆ ಮುಂಚೆ ನೀರು ಹೊಡೆದು ಮಣ್ಣು ಇಳಿಸ್ತಾರಾ? ರೀಸೈಕಲ್ ನೀರಾದ್ರೆ ಸರಿಯಾಗಿ ಫಿಲ್ಟರ್ ಆಗುತ್ತಾ? ಇನ್ನು ಕ್ಯೂನಲ್ಲಿ ನಿಮ್ಮ ಮುಂದೆ ಕೆಸರು ಮೆತ್ಕೊಂಡಿರೋ ಜೀಪ್ ನಿಂತಿದ್ರೆ ಕಾಫಿ ಕುಡಿಯೋಕೆ ಹೋಗಿ, ಅದರ ಮಣ್ಣು ಬ್ರಶ್‌ನಲ್ಲಿ ಕೂತು ನಿಮ್ಮ ಕಾರಿಗೆ ಬರುತ್ತೆ.

ಒಳಗೆ ಹೋಗೋವಾಗ ಆಟೋ ವೈಪರ್ ಆಫ್ ಮಾಡಿ. ನೀರು ಬಿದ್ದ ತಕ್ಷಣ ಮಳೆ ಅನ್ಕೊಂಡು ವೈಪರ್ ಏಳುತ್ತೆ, ಬ್ರಶ್‌ಗೆ ಸಿಕ್ಕಾಕೊಳ್ಳುತ್ತೆ. ಗುಂಡ ಅವ್ರ ಫ್ರೆಂಡ್‌ಗೂ ಅದೇ ಆಗಿರ್ಬೇಕು.

ಗೇರ್_ಗುಂಡ:

ಅವನದು ಬೇಸ್ ಮಾಡೆಲ್ ಗುರು, ಆಟೋ ವೈಪರ್ ಎಲ್ಲಿಂದ ಬರ್ಬೇಕು. ಅದೂ ಕಿತ್ಕೊಂಡಿದ್ದು ಹಿಂದಿನ ವೈಪರ್. ಆದ್ರೂ ತಟ್ಟೆ ಟೆಸ್ಟ್ ಮಾಡಿ ನೋಡ್ದೆ, ಪೇಂಟರ್ ಸಾಹೇಬ್ರು ಹೇಳಿದ್ದು ಕರೆಕ್ಟು. ಸೋತೆ.

ಬೋರ್‌ವೆಲ್_ಬಾಧಿತ:

ಗೀರು ಗೀರು ಅಂತ ಎಲ್ಲಾ ಮಾತಾಡ್ತಿದೀರ, ನೀರಿನ ಬಗ್ಗೆ ಯಾರೂ ಮಾತಾಡ್ತಿಲ್ಲ. ಬೆಂಗಳೂರಲ್ಲಿ 2024ರ ಮಾರ್ಚಲ್ಲಿ ನೀರಿಗೆ ಹಾಹಾಕಾರ ಆದಾಗ ಜಲಮಂಡಳಿ ಕುಡಿಯೋ ನೀರಲ್ಲಿ ಕಾರು ತೊಳೆದ್ರೆ 5000 ರೂಪಾಯಿ ದಂಡ ಅಂತ ಆರ್ಡರ್ ಮಾಡಿತ್ತು, ನೆನಪಿದ್ಯಾ? ಅವಾಗಿಂದ ನಮ್ಮ ಕಡೆ ಎಲ್ಲಾ ಬೋರ್ ನೀರೇ. ಬೋರ್ ನೀರು ಅಂದ್ರೆ ಗಡಸು ನೀರು, ಗೀಸರ್ ಕಾಯಿಲ್ ಮೇಲೆ ಬಿಳಿ ಕಟ್ಟುತ್ತಲ್ಲ ಅದೇ ಸುಣ್ಣ ಕಾರ್ ಮೇಲೂ ಕೂರುತ್ತೆ. ಬಿಸಿಲಲ್ಲಿ ತೊಳೆದು ಒರೆಸದೆ ಬಿಟ್ರೆ ಹನಿ ಹನಿಗೂ ಒಂದೊಂದು ಬಿಳಿ ಉಂಗುರ, ಕಪ್ಪು ಕಾರಲ್ಲಂತೂ ಚುಕ್ಕಿ ರಂಗೋಲಿ. ಹೊಸದ್ರಲ್ಲೇ ಆದ್ರೆ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿ ತಕ್ಷಣ ತೊಳೆದ್ರೆ ಹೋಗುತ್ತೆ, ತಿಂಗಳುಗಟ್ಲೆ ಬಿಟ್ರೆ ಕ್ಲಿಯರ್ ಒಳಗೇ ಕಚ್ಕೊಳ್ಳುತ್ತೆ. ಕೆಲವು ಮೆಷಿನ್ ವಾಶ್‌ನೋರು ಕೊನೇ ನೀರು ಮಾತ್ರ ಆರ್‌ಒ ನೀರು ಬಿಡ್ತಾರೆ, ಅಂಥ ಕಡೆ ಸಿಕ್ಕಿದ್ರೆ ನನ್ನ ಪ್ರಕಾರ ಮನೇಲಿ ಬೋರ್ ನೀರಲ್ಲಿ ತೊಳಿಯೋದಕ್ಕಿಂತ ಅದೇ ವಾಸಿ.

ಹಕ್ಕಿ ಹಿಕ್ಕೆ ಬಿದ್ರೆ ಮಾತ್ರ ಭಾನುವಾರದವರೆಗೂ ಕಾಯ್ಬೇಡಿ, ಬಿಸಿಲಿಗೆ ಅದು ಪೇಂಟ್ ಸುಟ್ಟುಬಿಡುತ್ತೆ. ಒಣಗಿದ್ರೆ ಕೆರೀಬೇಡಿ, ಒದ್ದೆ ಟಿಶ್ಯೂ ಐದು ನಿಮಿಷ ಮೇಲಿಟ್ಟು ಎತ್ತಿ ಅಷ್ಟೆ.

ಕರಿಮುತ್ತು_ಬೆಂಗಳೂರು:

ಎಲ್ರಿಗೂ ಥ್ಯಾಂಕ್ಸ್, ಇಷ್ಟೊಂದು ಬರೀತೀರ ಅಂತ ಅನ್ಕೊಂಡಿರ್ಲಿಲ್ಲ. ಪೇಂಟರ್ ಅಣ್ಣ, ನಿಮ್ಮ ಟೆಸ್ಟ್ ಮಾಡಿದೆ. ರಾತ್ರಿ ಹತ್ತು ಗಂಟೆಗೆ ಬೇಸ್‌ಮೆಂಟಲ್ಲಿ ಪ್ಲಾಸ್ಟಿಕ್ ಸ್ಟೂಲ್ ಹತ್ತಿ ಟಾರ್ಚ್ ಬಿಟ್ಕೊಂಡು ನಿಂತಿದ್ದೆ, ಸೆಕ್ಯೂರಿಟಿ ಓಡಿ ಬಂದ್ರು ಯಾರೋ ಕಳ್ಳರು ಅಂತ. ರೂಫ್ ನಡುವೆ ಅಲ್ಲಲ್ಲಿ ಸಣ್ಣ ಗೀರು ನಾಲ್ಕೈದು ಇದೆ, ಅಂದ್ರೆ ಮೆಷಿನ್ ಪೂರ್ತಿ ಸಾಚಾ ಅಲ್ಲ. ಆದ್ರೆ ಡೋರ್ ಜೊತೆ ಹೋಲಿಸಿದ್ರೆ ಅದು ಏನೂ ಅಲ್ಲ. ರೂಫ್ ಅಂಚಿಂದ ಒಂದೂವರೆ ಅಡಿ ಒಳಗಿನವರೆಗೂ ಜೇಡರ ಬಲೆ, ಅಲ್ಲಿಗೆ ಗೆರೆ ಎಳೆದಂಗೆ ನಿಂತೋಗಿದೆ. ಅವ್ರ ಕೈ ಎಟಕೋದು ಅಲ್ಲೀವರೆಗೇ! ನಮ್ಮನೆಯವ್ರನ್ನೂ ಕರ್ಕೊಂಡ್ ಹೋಗಿ ತೋರಿಸ್ದೆ, ಏನೂ ಮಾತಾಡ್ಲಿಲ್ಲ.

ಬೆಳಗ್ಗೆ ಬೇಗ ಎದ್ದು ಆ ಒರೆಸೋ ಅಣ್ಣನ ಹತ್ರ ಹೋದೆ. ಬೈಯೋಣ ಅಂತಾನೇ ಹೋಗಿದ್ದು. ಒಂದು ಬಕೆಟ್ಟು, ಒಂದು ಹಳೇ ಬನಿಯನ್ ಬಟ್ಟೆ, ಹನ್ನೆರಡು ಕಾರು. ನಂದು ಒಂಬತ್ತನೇದು. ಬಕೆಟ್ ನೀರು ನೋಡಿದ್ರೆ ಖಾಕಿ ಬಣ್ಣ, ಪಕ್ಕದಲ್ಲೇ ಬಿಲ್ಡಿಂಗ್ ಕೆಲ್ಸ ನಡೀತಿರೋದ್ರಿಂದ ಎಲ್ಲಾ ಕಾರ್ ಮೇಲೂ ಸಿಮೆಂಟು ಎಂ-ಸ್ಯಾಂಡು ಧೂಳು. ಕೇಳಿದ್ರೆ ಹೇಳ್ತಾರೆ, ಮೇಡಂ ಬೇಸ್‌ಮೆಂಟ್ ನಲ್ಲಿಗೆ ಅಸೋಸಿಯೇಷನ್‌ನೋರು ಬೀಗ ಹಾಕಿದ್ದಾರೆ, ನೀರು ಎಲ್ಲಿಂದ ತರ್ಲಿ, ಒಂದು ದಿನ ಒರೆಸಿಲ್ಲ ಅಂದ್ರೆ ವಾಟ್ಸಾಪ್ ಗ್ರೂಪಲ್ಲಿ ಕಂಪ್ಲೇಂಟ್ ಹಾಕ್ತಾರೆ ಅಂತ. ಏನ್ ಹೇಳೋದು? ಹೋದ್ ವರ್ಷ ಹಂಗೆ ಕಂಪ್ಲೇಂಟ್ ಹಾಕಿದವ್ರಲ್ಲಿ ನಾನೂ ಒಬ್ಳು.

ನಾಲ್ಕು ಮೈಕ್ರೋಫೈಬರ್ ಬಟ್ಟೆ ತಂದು ಅವ್ರಿಗೆ ಕೊಟ್ಟು, ನನ್ನ ಕಾರಿಗೆ ಬರೀ ಗ್ಲಾಸ್ ಒರೆಸಿ ಸಾಕು, ಬಾಡಿ ಮುಟ್ಬೇಡಿ, ತಿಂಗಳಿಗೆ ಅದೇ ದುಡ್ಡು ಕೊಡ್ತೀನಿ ಅಂದೆ. ಮೂರನೇ ದಿನ ಇಳಿದು ನೋಡ್ತೀನಿ, ಬಾನೆಟ್ ಫಳಫಳ. ಯಾಕಣ್ಣಾ ಅಂದ್ರೆ, ಧೂಳು ಕಂಡ್ರೆ ಕೈ ಸುಮ್ನಿರಲ್ಲ ಮೇಡಂ ಅಂತಾರೆ.

ಸೆರಾಮಿಕ್ ಸದ್ಯಕ್ಕೆ ಬೇಡ ಅನ್ಕೊಂಡಿದೀನಿ. ಕೊನೇ ಪ್ರಶ್ನೆ, ಕವರ್ ಹಾಕಿಬಿಡ್ಲಾ? ಆಗ ಯಾರೂ ಒರೆಸಲ್ವಲ್ಲ.

ಹುಬ್ಬಳ್ಳಿ_ಪೇಂಟರ್:

ಬ್ಯಾಡ್ರಿ ಅಕ್ಕಾರ. ದಿನಾ ಓಡಸೂ ಗಾಡಿಗೆ ಧೂಳಿನ ಮ್ಯಾಲ ಕವರ್ ಎಳದ್ರ ಅದೂ ಅರಬಿನ ಆತು, ಮತ್ತ ಗಾಳಿಗೆ ರಾತ್ರಿಯೆಲ್ಲಾ ತಿಕ್ಕತಿರತೈತಿ. ಸೆರಾಮಿಕ್ ಬಿಟ್ಟದ್ದು ಚಲೋ ಮಾಡಿದ್ರಿ, ಇದ್ದ ಗೀರು ತಗೀದ ಹಚ್ಚಿದ್ರ ಗೀರೂ ಒಳಗ ಉಳೀತಿತ್ತು, ಹಚ್ಚಿದ ಮ್ಯಾಲೂ ಆ ಬಕೆಟ್ ಅರಬಿಗೆ ಗೀರು ಬೀಳೂದು ತಪ್ಪತಿರಲಿಲ್ಲ. ಧೂಳು ಇದ್ರ ಇರಲಿ ಬಿಡ್ರಿ, ಕುಂತ ಧೂಳು ಗೀರಂಗಿಲ್ಲ. ರೀಪೇಂಟ್ ಡೋರಿಗೆ ತಿಂಗಳು ತುಂಬಿದ ಮ್ಯಾಲ ವ್ಯಾಕ್ಸ್ ಹಚ್ಚಿ ಒಂದು ಫೋಟೋ ಹಾಕ್ರಿ, ಕಲರ್ ಮ್ಯಾಚ್ ಹೆಂಗ ಮಾಡ್ಯಾರ ನೋಡೂಣ.

ಕುಡ್ಲ_ಕಡಲ್:

ಆ ಅಣ್ಣನಿಗೆ ಕೊಟ್ಟ ನಾಲ್ಕು ಮೈಕ್ರೋಫೈಬರ್ ಈಗ ಹನ್ನೆರಡು ಕಾರಿಗೂ ಓಡ್ತಾ ಇರಬಹುದು, ಒಮ್ಮೆ ನೋಡಿ ಮೇಡಂ 😀