ಸಹಾಯ ಬೇಕು: ಮೀನು ಹೊಂಡದ ನೀರು ಕಬ್ಬಿಗೆ ಹೋದರೆ ಸಾರಜನಕದ ಲೆಕ್ಕ ಹೇಗೆ?

ಎಲ್ಲರಿಗೂ ನಮಸ್ಕಾರ. ಪಾಂಡವಪುರದ ಹತ್ತಿರ ನಮ್ಮದೊಂದು ಮೀನು ಹೊಂಡ ಇದೆ. ಕಾಟ್ಲಾ, ರೋಹು, ಮೃಗಾಲ್ ಒಟ್ಟಿಗೆ ಬಿಟ್ಟಿದ್ದೇವೆ. ನಾಲೆ ನೀರು, ಮೇವಿಗೆ ಕಡಲೆಕಾಯಿ ಹಿಂಡಿ, ಅಕ್ಕಿ ತೌಡು. ಮಣ್ಣು, ನೀರು ಕೆಡದೆ ಇದು ಮಕ್ಕಳ ಕಾಲಕ್ಕೂ ನಡೆಯುತ್ತಾ ಅಂತ ಅಳೆದು ನೋಡಬೇಕು ಅನ್ನೋದು ನನ್ನ ಆಸೆ.

ಮೊದಲು ಮೇವಿನ ತೂಕವನ್ನು ಮೀನಿನ ಹೆಚ್ಚಿದ ತೂಕದಿಂದ ಭಾಗಿಸಿದೆ. 2ಕ್ಕಿಂತ ಕಡಿಮೆ ಬಂತು, ಅಂದರೆ ಒಂದು ಕಿಲೋ ಮೀನು ಬೆಳೆಯಲು ಎರಡು ಕಿಲೋಗಿಂತ ಕಡಿಮೆ ಮೇವು. ಆದರೆ ನಾವು ಸಗಣಿಯನ್ನೂ ಹಾಕುತ್ತೇವೆ. ಅದರಿಂದ ನೀರು ಹಸಿರಾಗುತ್ತದೆ, ಕಾಟ್ಲಾ ಮೇಲ್ಗಡೆಯೇ ಓಡಾಡಿಕೊಂಡು ಅದರಲ್ಲಿರುವ ಸಣ್ಣ ಜೀವಿಗಳನ್ನು ತಿಂದು ಬೆಳೆಯುತ್ತದೆ. ಆ ಊಟ ಈ ಲೆಕ್ಕಕ್ಕೆ ಬರೋದೇ ಇಲ್ಲ ಅಲ್ವಾ?

ಹಾಗಾಗಿ ಸಾರಜನಕದ ಲೆಕ್ಕ ಹಿಡಿದೆ. ಪ್ರೋಟೀನಿನಲ್ಲಿ ಸುಮಾರು 16% ಸಾರಜನಕ ಇರುತ್ತದೆ. ಮೇವು, ಸಗಣಿಯಿಂದ ಒಳಗೆ ಹೋದದ್ದರಲ್ಲಿ ಮೀನಿನ ಜೊತೆ ಹೊರಗೆ ಬಂದದ್ದನ್ನು ಕಳೆದೆ. ಮಿಕ್ಕಿದ್ದರಲ್ಲಿ ಹೆಚ್ಚಿನದು ನೀರಿನಲ್ಲಿ, ತಳದ ಕೆಸರಿನಲ್ಲಿ ಇರಬೇಕು. ನಾನು ಸಿಕ್ಕಿಕೊಂಡಿರೋದು ಇಲ್ಲೇ. ಆ ನೀರನ್ನು ನಾವು ಹಳ್ಳಕ್ಕೆ ಬಿಡೋದಿಲ್ಲ, ಪಕ್ಕದ ಕಬ್ಬಿಗೆ ಹಾಯಿಸುತ್ತೇವೆ. ಅಲ್ಲಿ ಯೂರಿಯಾ ಕಡಿಮೆ ಮಾಡಿದ್ದೇವೆ. ತಿಳಿದವರನ್ನು ಕೇಳಿದರೆ ಒಬ್ಬರು ಅಷ್ಟನ್ನೂ ಮಾಲಿನ್ಯ ಅಂತಲೇ ಬರೆಯಿರಿ ಅಂದರು, ಇನ್ನೊಬ್ಬರು ಪೂರ್ತಿ ಬಿಟ್ಟುಬಿಡಿ ಅಂದರು. ನನಗೆ ಎರಡೂ ಸರಿ ಕಾಣುತ್ತಿಲ್ಲ. ಕಬ್ಬು ಎಲ್ಲವನ್ನೂ ಹೀರಿಕೊಳ್ಳೋದಿಲ್ಲ, ಒಂದಷ್ಟು ನೈಟ್ರೇಟ್ (ನೀರಿನಲ್ಲಿ ಕರಗುವ ಸಾರಜನಕದ ರೂಪ) ಆಗಿ ಕೆಳಗೆ ಇಳಿಯುತ್ತದೆ. ಕುಡಿಯುವ ನೀರಿನ ಬೋರ್‌ವೆಲ್ ಅಲ್ಲೇ ಪಕ್ಕದಲ್ಲಿದೆ.

ಯೂರಿಯಾದಲ್ಲಿ 46% ಸಾರಜನಕ. ನಾವು ಉಳಿಸಿದ ಯೂರಿಯಾದ ಸಾರಜನಕವನ್ನಷ್ಟೇ ಕಳೆದು, ಉಳಿದದ್ದನ್ನು ಹೊಂಡದ ಖಾತೆಗೆ ಹಾಕಿದರೆ ಸರೀನಾ? ಇಲ್ಲಾ ಬೋರ್‌ವೆಲ್ ನೀರಿನ ನೈಟ್ರೇಟ್ ಪರೀಕ್ಷೆ ಮಾಡಿಸಲೇಬೇಕಾ, ಮಾಡಿಸಿದರೆ ನೀರು ಹಾಯಿಸಿ ಎಷ್ಟು ದಿನಕ್ಕೆ?