ಕಟ್ಟಿದವರಿಗೋ, ಪಂಥಕ್ಕೋ? ಫಾಲ್ಸ್ ಚರ್ಚ್ ತೀರ್ಪಿನ ಮೇಲೆ ಚರ್ಚೆ

ಹೊಳೆದಂಡೆ
ವರ್ಜೀನಿಯಾದ ಫಾಲ್ಸ್ ಚರ್ಚ್ ಪ್ರಕರಣದ ಬಗ್ಗೆ ತಿಳಿದವರ ಅಭಿಪ್ರಾಯ ಬೇಕು. ಹಿನ್ನೆಲೆ ಇಷ್ಟು. 2003ರಲ್ಲಿ ಅಮೆರಿಕದ ಎಪಿಸ್ಕೋಪಲ್ ಚರ್ಚು, ಅಂದರೆ ಅಲ್ಲಿನ ಆಂಗ್ಲಿಕನ್ ಶಾಖೆ, ಸಲಿಂಗಿ ಎಂದು ಬಹಿರಂಗವಾಗಿ ಹೇಳಿಕೊಂಡಿದ್ದ ಜೀನ್ ರಾಬಿನ್ಸನ್ ಅವರಿಗೆ ಬಿಷಪ್ ಪಟ್ಟ ಕಟ್ಟಿತು. ಇದನ್ನು ಒಪ್ಪದ ಹಲವು ಸಭೆಗಳು ಹೊರಬರಲು ನಿರ್ಧರಿಸಿದವು. 2006ರ ಡಿಸೆಂಬರಿನಲ್ಲಿ ಫಾಲ್ಸ್ ಚರ್ಚ್ ಮತ್ತು ಟ್ರೂರೋ ಸಭೆಗಳಲ್ಲಿ ಮತದಾನ ನಡೆದು, ಎರಡೂ ಕಡೆ ಶೇ. 90ರಷ್ಟು ಮಂದಿ ಹೊರಹೋಗುವ ಪರ ನಿಂತರು. ನೈಜೀರಿಯಾ ಆಂಗ್ಲಿಕನ್ ಚರ್ಚಿನ ಅಡಿಯಲ್ಲಿದ್ದ ‘ಕಾನಾ’ ಎಂಬ ಒಕ್ಕೂಟ ಸೇರಿದರು. ಕಟ್ಟಡ ಬಿಟ್ಟುಕೊಡಲಿಲ್ಲ. 2012ರ ಜನವರಿ 10ರಂದು ಫೇರ್‌ಫ್ಯಾಕ್ಸ್ ಸರ್ಕಿಟ್ ಕೋರ್ಟಿನ ನ್ಯಾಯಾಧೀಶ ರ್‍ಯಾಂಡಿ ಬೆಲ್ಲೋಸ್ ಏಳು ಸಭೆಗಳ ಆಸ್ತಿಯನ್ನೂ ಎಪಿಸ್ಕೋಪಲ್ ಸಭಾಪ್ರಾಂತಕ್ಕೆ (ಒಬ್ಬ ಬಿಷಪ್ ಅಡಿಯ ಡಯಾಸಿಸ್) ಕೊಟ್ಟರು. ಫಾಲ್ಸ್ ಚರ್ಚಿನ ಇಟ್ಟಿಗೆ ಕಟ್ಟಡ 1769ರದ್ದು. ಎಪಿಸ್ಕೋಪಲ್ ಚರ್ಚು ರೂಪುಗೊಂಡಿದ್ದು 1789ರಲ್ಲಿ. ತನಗಿಂತ 20 ವರ್ಷ ಹಳೆಯ ಕಟ್ಟಡವನ್ನು, ಕಾಣಿಕೆ ಹಾಕಿ ಉಳಿಸಿಕೊಂಡು ಬಂದ ಹತ್ತರಲ್ಲಿ ಒಂಬತ್ತು ಜನರ ಕೈಯಿಂದ ಪಂಥ ಕಿತ್ತುಕೊಂಡಿದ್ದು ನ್ಯಾಯವೇ? ನನಗೆ ಇದು ಅನ್ಯಾಯ ಎಂದೇ ಅನಿಸುತ್ತದೆ.

ಕಡತಗಾರ
ಬಹುಮತ ಲೆಕ್ಕಕ್ಕೇ ಬರಲಿಲ್ಲ ಅಂದುಕೊಳ್ಳಬೇಡಿ. ಮೊದಲ ಸುತ್ತಿನಲ್ಲಿ ಇದೇ ಬೆಲ್ಲೋಸ್ 2008ರಲ್ಲಿ ಹೊರಬಂದವರ ಪರ ತೀರ್ಪು ಕೊಟ್ಟಿದ್ದರು. ವರ್ಜೀನಿಯಾದಲ್ಲಿ 57-9 ಎಂಬ ಕಲಮು ಇದೆ. ಅಂತರ್ಯುದ್ಧ ಮುಗಿದ ಮೇಲೆ, 1867ರಲ್ಲಿ ಬಂದಿದ್ದು. ಪಂಥ ಒಡೆದರೆ ಯಾವ ಶಾಖೆಗೆ ಸೇರಬೇಕು ಎಂದು ಸ್ಥಳೀಯ ಸಭೆ ಬಹುಮತದಿಂದ ತೀರ್ಮಾನಿಸಬಹುದು, ಆಸ್ತಿಯೂ ಆ ತೀರ್ಮಾನದ ಹಿಂದೆಯೇ ಹೋಗುತ್ತದೆ ಎಂಬುದು ಅದರ ಸಾರ. ಗೆದ್ದಿದ್ದೂ ಇದರ ಮೇಲೆ, ಬಿದ್ದಿದ್ದೂ ಇದರ ಮೇಲೆ. 2010ರ ಜೂನ್ 10ರಂದು ರಾಜ್ಯದ ಸುಪ್ರೀಂ ಕೋರ್ಟ್ ‘ಶಾಖೆ’ ಎಂಬ ಒಂದೇ ಪದ ಹಿಡಿದು ಎಲ್ಲ ತಿರುಗಿಸಿತು: ಎಪಿಸ್ಕೋಪಲ್ ಚರ್ಚಿನಲ್ಲಿ ಒಡಕು ಆಗಿರುವುದು ನಿಜ, ಆದರೆ ಕಾನಾ ಆ ಒಡಕಿನಿಂದ ಹುಟ್ಟಿದ ಶಾಖೆಯಲ್ಲ, ನೈಜೀರಿಯಾ ಚರ್ಚಿನ ಕೊಂಬೆ. ಹಾಗಾಗಿ 57-9 ಇಲ್ಲಿಗೆ ಅನ್ವಯಿಸುವುದಿಲ್ಲ.

ಪ್ರಕರಣ ಕೆಳಗೆ ವಾಪಸು ಬಂದಾಗ ಉಳಿದಿದ್ದು ವರ್ಜೀನಿಯಾದ ಹಳೆಯ ನಾಲ್ಕು ಅಳತೆಗೋಲು: ರಾಜ್ಯದ ಶಾಸನ, ಕ್ರಯಪತ್ರ, ಪಂಥದ ನಿಯಮಾವಳಿ, ಇಬ್ಬರ ನಡುವಿನ ಇಷ್ಟು ವರ್ಷದ ವ್ಯವಹಾರ. 2012ರ ನೂರಕ್ಕೂ ಹೆಚ್ಚು ಪುಟದ ತೀರ್ಪು ಕಾಗದದ ಮೇಲೆ ಕಾಗದ ಇಟ್ಟು ಈ ನಾಲ್ಕನ್ನೂ ತೂಗುತ್ತದೆ. ಸಭೆಗಳನ್ನು ಮುಳುಗಿಸಿದ್ದು ನಾಲ್ಕನೆಯದು.

ನೇರಮಾತು
ಮೂರನೆಯದನ್ನು ಬಿಟ್ಟು ನಾಲ್ಕನೆಯದಕ್ಕೆ ಹಾರಬೇಡಿ. ಪಂಥದ ನಿಯಮಾವಳಿ ಅಂದರೆ ಇಲ್ಲಿ ಡೆನ್ನಿಸ್ ಕ್ಯಾನನ್ (ಕ್ಯಾನನ್ ಎಂದರೆ ಚರ್ಚಿನ ಒಳ ಕಾನೂನು). ಸ್ಥಳೀಯ ಸಭೆಯ ಸ್ಥಿರ, ಚರ ಆಸ್ತಿಯೆಲ್ಲ ಇಡೀ ಚರ್ಚಿಗಾಗಿ ಮತ್ತು ಸಭಾಪ್ರಾಂತಕ್ಕಾಗಿ ಟ್ರಸ್ಟಿನಲ್ಲಿದೆ, ಅಂದರೆ ಅವರ ಹಿತಕ್ಕಾಗಿ ಸಭೆ ಹಿಡಿದುಕೊಂಡಿರುವುದು, ಎನ್ನುತ್ತದೆ ಅದು. ಬಂದಿದ್ದು ಯಾವಾಗ? 1979ರ ಸೆಪ್ಟೆಂಬರಿನಲ್ಲಿ. ಅದೇ ಜುಲೈಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಜೋನ್ಸ್ ವಿರುದ್ಧ ವುಲ್ಫ್ ಪ್ರಕರಣದಲ್ಲಿ 5-4 ಬಹುಮತದಿಂದ, ಪಂಥಗಳು ತಮ್ಮ ಸಂವಿಧಾನದಲ್ಲೇ ಟ್ರಸ್ಟ್ ಬರೆದುಕೊಳ್ಳಬಹುದು, ಅದು ದೊಡ್ಡ ಹೊರೆಯೇನಲ್ಲ ಎಂದಿತ್ತು. ಎರಡೇ ತಿಂಗಳಲ್ಲಿ ಪಂಥ ಒಂದು ಸಾಲು ಬರೆದು ದೇಶದ ಉದ್ದಗಲಕ್ಕಿರುವ ಸಾವಿರಾರು ಕಟ್ಟಡಗಳಿಗೆ ತಾನೇ ಫಲಾನುಭವಿಯಾಯಿತು! ನನ್ನ ಹೊಲ ನಿಮಗಾಗಿ ಟ್ರಸ್ಟಿನಲ್ಲಿದೆ ಎಂದು ನಾನು ಬರೆದರೆ ಅದು ಟ್ರಸ್ಟ್. ನೀವೇ ಬರೆದುಕೊಂಡರೆ ಅದಕ್ಕೆ ಏನನ್ನಬೇಕು?

ನಾನೊಬ್ಬನೇ ಹೇಳುತ್ತಿರುವ ಮಾತಲ್ಲ ಇದು. 2009ರಲ್ಲಿ ಸೌತ್ ಕೆರೊಲೈನಾ ಸುಪ್ರೀಂ ಕೋರ್ಟ್ ಪಾಲೀಸ್ ಐಲ್ಯಾಂಡಿನ ಆಲ್ ಸೇಂಟ್ಸ್ ಪ್ರಕರಣದಲ್ಲಿ ಇದನ್ನೇ ಹೇಳಿತು. ಆ ಜಾಗಕ್ಕೆ 1745ರ ಟ್ರಸ್ಟ್ ಪತ್ರ ಇತ್ತು. 1903ರಲ್ಲಿ ಸಭಾಪ್ರಾಂತವೇ ಹಕ್ಕುಬಿಡುಗಡೆ ಪತ್ರ ಬರೆದು ತನ್ನ ಪಾಲಿನ ಹಕ್ಕಿಗೆ ಎಳ್ಳುನೀರು ಬಿಟ್ಟಿತ್ತು. ಇಲ್ಲದ ಹಕ್ಕಿನ ಮೇಲೆ 1979ರಲ್ಲಿ ಟ್ರಸ್ಟ್ ಹೇಗೆ ಹುಟ್ಟೀತು? ಸಭೆ ಗೆದ್ದಿತು.

ಕಡತಗಾರ
@ನೇರಮಾತು ನಿಮ್ಮ ಹೊಲದ ಹೋಲಿಕೆ ಅರ್ಧ ಮಾತ್ರ ಸರಿ. ಡೆನ್ನಿಸ್ ಕ್ಯಾನನ್ ಬಂದಾಗ ಈ ಸಭೆಗಳು ಎದ್ದು ಬೇಡ ಎನ್ನಲಿಲ್ಲ. 27 ವರ್ಷ ಅದೇ ವ್ಯವಸ್ಥೆಯೊಳಗೆ ಬದುಕಿದವು. ವ್ಯವಹಾರ ಎಂದರೆ ಏನು ಎಂದು ಹತ್ತಿರದಿಂದ ನೋಡಿ. ಸಭೆಯೊಂದು ಹೊಸ ಸಭಾಭವನಕ್ಕೆ ಬ್ಯಾಂಕ್ ಸಾಲ ತೆಗೆಯುತ್ತದೆ ಅನ್ನೋಣ. ಪ್ರತಿಷ್ಠೆಯಾದ ಕಟ್ಟಡವನ್ನು ಅಡವಿಡಲು ಬಿಷಪ್ ಮತ್ತು ಸ್ಥಾಯೀ ಸಮಿತಿಯ ಒಪ್ಪಿಗೆ ಬೇಕೆಂಬುದು ಕ್ಯಾನನ್. ಅದರಂತೆ ವೆಸ್ಟ್ರಿ, ಅಂದರೆ ಸಭೆಯ ಆಡಳಿತ ಸಮಿತಿ, ಠರಾವು ಮಾಡುತ್ತದೆ, ಪತ್ರ ಸಭಾಪ್ರಾಂತದ ಕಚೇರಿಗೆ ಹೋಗುತ್ತದೆ, ಸಹಿ ಬೀಳುತ್ತದೆ, ಆಮೇಲಷ್ಟೇ ಬ್ಯಾಂಕು ಹಣ ಬಿಡುಗಡೆ ಮಾಡುತ್ತದೆ. ಜೊತೆಗೆ ವರ್ಷಾವರಿ ವರದಿ, ಸಭಾಪ್ರಾಂತದ ಕೌನ್ಸಿಲಿಗೆ ಪ್ರತಿನಿಧಿಗಳು, ಬಿಷಪ್ ಕೈಯಿಂದ ದೀಕ್ಷೆ ಪಡೆದ ಪಾದ್ರಿಗಳು. ತನ್ನದೇ ಸ್ವಂತ ಆಸ್ತಿ ಎಂದು ನಂಬಿದವನು ಪ್ರತಿ ಸಲ ಇನ್ನೊಬ್ಬನ ಸಹಿಗೆ ಕಾಯುತ್ತಾನೆಯೇ? ಕೋರ್ಟು ಕೇಳಿದ್ದು ಅದನ್ನೇ.

ಫಾಲ್ಸ್ ಚರ್ಚ್ ಒಂದೇ ಮೇಲ್ಮನವಿ ಹೋಯಿತು. 2013ರ ಏಪ್ರಿಲ್ 18ರಂದು ರಾಜ್ಯದ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಬ್ಬರ ನಡುವೆ ವಿಶ್ವಾಸದ ಹೊಣೆಯ ಸಂಬಂಧ ಇತ್ತು, ಅದನ್ನು ಮುರಿದು ಆಸ್ತಿ ಇಟ್ಟುಕೊಂಡಿದ್ದರಿಂದ ಕಾನೂನೇ ಇಲ್ಲೊಂದು ಟ್ರಸ್ಟ್ ಹೇರುತ್ತದೆ ಎಂದಿತು. 2014ರ ಮಾರ್ಚಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ವಿಚಾರಣೆಗೆ ಎತ್ತಿಕೊಳ್ಳಲು ಒಪ್ಪಲಿಲ್ಲ. ಅಲ್ಲಿಗೆ ಮುಗಿಯಿತು.

1769ರ ವಾದವೂ ಅಷ್ಟು ಗಟ್ಟಿಯಲ್ಲ. ಆಗ ಅದು ಸರ್ಕಾರಿ ಮತವಾಗಿದ್ದ ಇಂಗ್ಲೆಂಡ್ ಚರ್ಚಿನ ಪ್ಯಾರಿಷ್, ಅಂದರೆ ಸ್ಥಳೀಯ ಘಟಕ. ಜಾಗ ಪ್ಯಾರಿಷ್ ವೆಸ್ಟ್ರಿಗೆ ಬಂದಿದ್ದೇ ಹೊರತು ಇಂದಿನ ಯಾವ ಗುಂಪಿಗೂ ಅಲ್ಲ.

ಹಳೆಬೇರು
ಇಬ್ಬರೂ ದಾಖಲೆಯ ಸುತ್ತಲೇ ಸುತ್ತುತ್ತಿದ್ದೀರಿ. ನಿಜವಾದ ಪ್ರಶ್ನೆ ಬೇರೆ: ಬದಲಾಗಿದ್ದು ಯಾರು? ಹೊರಬಂದವರು ಹೇಳಿದ್ದು, ನಾವು ಇದ್ದಲ್ಲೇ ಇದ್ದೇವೆ, ಪಂಥವೇ ತನ್ನ ಬೋಧನೆ ಬಿಟ್ಟು ಸರಿಯಿತು ಎಂದು. ಹಳೆಯ ಇಂಗ್ಲಿಷ್ ಕಾನೂನಿನಲ್ಲಿ ಇದೇ ನಿರ್ಣಾಯಕ. 1904ರಲ್ಲಿ ಹೌಸ್ ಆಫ್ ಲಾರ್ಡ್ಸ್ ಸ್ಕಾಟ್ಲೆಂಡಿನ ಫ್ರೀ ಚರ್ಚ್ ಪ್ರಕರಣದಲ್ಲಿ, ಇನ್ನೊಂದು ಚರ್ಚಿನ ಜೊತೆ ವಿಲೀನ ಒಪ್ಪದ ಪುಟ್ಟ ಗುಂಪಿಗೆ, ಮೂಲ ತತ್ವ ಬಿಡದವರು ಇವರೇ ಎಂದು, ಇಡೀ ಚರ್ಚಿನ ಆಸ್ತಿ ಕೊಟ್ಟಿತು. ಫೇರ್‌ಫ್ಯಾಕ್ಸ್‌ನಲ್ಲೂ ಆ ನಿಯಮ ಇದ್ದಿದ್ದರೆ?

ಕಡತಗಾರ
ಇರಲು ಸಾಧ್ಯವೇ ಇಲ್ಲ. 1969ರಲ್ಲಿ ಹಲ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಬಾಗಿಲನ್ನೇ ಮುಚ್ಚಿತು: ಯಾರು ಮೂಲ ಬೋಧನೆ ಬಿಟ್ಟರು ಎಂದು ಅಳೆಯುವುದು ಸರ್ಕಾರದ ಕೋರ್ಟಿನ ಕೆಲಸವಲ್ಲ. ಆ ತೀರ್ಪು ಬಂದಿದ್ದೂ ಜಾರ್ಜಿಯಾದ ಸವಾನ್ನಾ ಊರಿನ ಎರಡು ಪ್ರೆಸ್ಬಿಟೇರಿಯನ್ (ಇನ್ನೊಂದು ಪ್ರೊಟೆಸ್ಟಂಟ್ ಪಂಥ) ಸಭೆಗಳ ವಿಷಯದಲ್ಲಿ. ಸ್ಕಾಟ್ಲೆಂಡಿನ ಕಥೆಯ ಇನ್ನರ್ಧ ಹೇಳಲಿಲ್ಲ ನೀವು. ಅಷ್ಟು ಚರ್ಚುಗಳನ್ನು ನಡೆಸುವಷ್ಟು ಜನವೇ ಆ ಗುಂಪಿನಲ್ಲಿರಲಿಲ್ಲ. ಮರುವರ್ಷ, 1905ರಲ್ಲಿ, ಪಾರ್ಲಿಮೆಂಟ್ ಕಾಯ್ದೆ ತಂದು ಆಸ್ತಿಯನ್ನು ಮತ್ತೆ ಹಂಚಬೇಕಾಯಿತು. ಬೋಧನೆ ನೋಡಿ ಆಸ್ತಿ ಕೊಟ್ಟರೆ ಆಗುವುದು ಇದು.

ತುಂಗಾತೀರ
ನಮ್ಮ ಕಡೆ ಈ ಪ್ರಶ್ನೆ ಬಂದರೆ ಉತ್ತರ ಬೇರೆ ಎಂಬುದನ್ನೂ ಇಲ್ಲಿ ಸೇರಿಸಬೇಕು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಹುಟ್ಟಿದಾಗ ದಕ್ಷಿಣ ಭಾರತದ ಆಂಗ್ಲಿಕನ್ನರು ಅದರೊಳಗೆ ಬಂದರು. ನಮ್ಮ ಕರ್ನಾಟಕದ ಉತ್ತರ, ಮಧ್ಯ, ದಕ್ಷಿಣ ಸಭಾಪ್ರಾಂತಗಳೂ ಅದೇ ಕುಟುಂಬ. ಆಸ್ತಿ ಹಿಡಿದುಕೊಳ್ಳಲು ಸಿಎಸ್‌ಐ ಟ್ರಸ್ಟ್ ಅಸೋಸಿಯೇಷನ್ ಎಂಬ ಕಂಪನಿಯನ್ನೇ ನೋಂದಾಯಿಸಿದರು. ಕ್ರಯಪತ್ರವೇ ಆ ಕಂಪನಿಯ ಹೆಸರಲ್ಲಿದ್ದರೆ ಸ್ಥಳೀಯ ಸಭೆ ಎಷ್ಟೇ ಬಹುಮತದಿಂದ ಹೊರಬಂದರೂ ಕೈಗೆ ಸಿಗುವುದೇನೂ ಇಲ್ಲ. ಅಮೆರಿಕದ ಗೊಂದಲವೆಲ್ಲ ಕ್ರಯಪತ್ರ ಸ್ಥಳೀಯರ ಹೆಸರಲ್ಲಿ, ನಿಯಂತ್ರಣ ಪಂಥದ ಕೈಯಲ್ಲಿ ಇದ್ದುದರಿಂದ.

ಎರಡು ತೀರ್ಪು ಪಕ್ಕಪಕ್ಕ ಇಟ್ಟು ಓದಿ. 2017ರ ಜುಲೈ 3ರ, ಕೇರಳದ ಮಲಂಕರ ಚರ್ಚಿನ ತೀರ್ಪಿನಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಿದ್ದು: ಪ್ಯಾರಿಷ್‌ಗಳೆಲ್ಲ ಆ ಚರ್ಚಿನ 1934ರ ಸಂವಿಧಾನಕ್ಕೆ ಬದ್ಧ, ಹೋಗುವವರು ಹೋಗಬಹುದು, ಚರ್ಚನ್ನು ಹೊತ್ತುಕೊಂಡು ಹೋಗುವಂತಿಲ್ಲ. ಆದರೆ 2013ರಲ್ಲಿ ಗುಜರಾತಿನ ಬ್ರದರನ್ ಸಭೆಯ ಪ್ರಕರಣದಲ್ಲಿ ದೊಡ್ಡ ಪಂಥವೇ ಸೋತಿತು. 1970ರಲ್ಲಿ ಆ ಸಭೆ ಠರಾವು ಮಾಡಿ ಉತ್ತರ ಭಾರತದ ಸಿಎನ್‌ಐಗೆ (ಚರ್ಚ್ ಆಫ್ ನಾರ್ತ್ ಇಂಡಿಯಾ) ಸೇರಿತ್ತು. ಬಾಂಬೆ ಸಾರ್ವಜನಿಕ ಟ್ರಸ್ಟ್ ಕಾಯ್ದೆಯಡಿ ನೋಂದಾದ ಟ್ರಸ್ಟಿನ ಆಸ್ತಿ, ಕಾಯ್ದೆಯ ದಾರಿ ಹಿಡಿಯದೆ ಬರೀ ಠರಾವಿನಿಂದ ಕೈ ಬದಲಾಗುವುದಿಲ್ಲ ಎಂದಿತು ಕೋರ್ಟು. ನಮ್ಮಲ್ಲಿ ಸಿವಿಲ್ ಪ್ರೊಸೀಜರ್ ಕೋಡಿನ 9ನೇ ಕಲಮಿನಡಿ, ಆಸ್ತಿಹಕ್ಕು ಧಾರ್ಮಿಕ ಪ್ರಶ್ನೆಯ ಮೇಲೆ ನಿಂತಿದ್ದರೂ ಕೋರ್ಟು ಅದನ್ನು ನೋಡಬಹುದು. ಹಲ್ ಪ್ರಕರಣದಂಥ ಮುಚ್ಚಿದ ಬಾಗಿಲು ಇಲ್ಲಿಲ್ಲ.

ಹೊಳೆದಂಡೆ
ಹಾಗಾದರೆ ಹೊರಬರಬೇಕೆಂದಿರುವ ಸಭೆ ಮತ ಹಾಕುವ ಮೊದಲು ಏನು ನೋಡಬೇಕಿತ್ತು?

ಕಡತಗಾರ
ಮೊದಲು ಮೂಲ ಕ್ರಯಪತ್ರ. ಯಾರಿಗೆ ಬರೆದಿದ್ದಾರೆ: ಸಭೆಗೋ, ಟ್ರಸ್ಟಿಗಳಿಗೋ, ಬಿಷಪ್‌ಗೋ? ಯಾವ ಉದ್ದೇಶಕ್ಕೆ ಎಂಬ ಸಾಲು ಇದೆಯೇ? ಒಂದೇ ಆವರಣದಲ್ಲಿ ಐದಾರು ಸಲ ಜಾಗ ಕೊಂಡಿದ್ದರೆ ಪ್ರತಿ ತುಂಡಿಗೂ ಬೇರೆ ಪತ್ರ ಇರುತ್ತದೆ, ಒಂದು ತುಂಡಿನ ಉತ್ತರ ಇನ್ನೊಂದಕ್ಕೆ ನಡೆಯುವುದಿಲ್ಲ. ಆಮೇಲೆ ಬೈಲಾ, ಅದರಲ್ಲೂ 1979ರ ನಂತರದ ತಿದ್ದುಪಡಿ. ಸೌತ್ ಕೆರೊಲೈನಾದಲ್ಲಿ 2022ರ ಏಪ್ರಿಲಿನಲ್ಲಿ ಒಂದೇ ತೀರ್ಪು 14 ಸಭೆಗಳನ್ನು ಸೋಲಿಸಿ 15ನ್ನು ಗೆಲ್ಲಿಸಿತು. ಕೆಲವು ಫಲಿತಾಂಶ ಆಗಸ್ಟಿನ ಮರುಪರಿಶೀಲನೆಯಲ್ಲಿ ಮತ್ತೆ ಬದಲಾಯಿತು. ವ್ಯತ್ಯಾಸ ಎಲ್ಲಿತ್ತು? ಸಭೆ ತನ್ನದೇ ಕಾಗದದಲ್ಲಿ ಡೆನ್ನಿಸ್ ಕ್ಯಾನನ್ನಿಗೆ ಯಾವ ಮಾತಿನಲ್ಲಿ ಒಪ್ಪಿದೆ ಎಂಬುದರಲ್ಲಿ. ಎಂದೋ ಯಾರೋ ನಮೂನೆ ನೋಡಿ ನಕಲು ಮಾಡಿದ ಒಂದು ವಾಕ್ಯ ಇಡೀ ಆಸ್ತಿಯನ್ನು ತಿನ್ನಬಲ್ಲದು.

ದೊಡ್ಡ ತಪ್ಪು ಯಾವುದೆಂದರೆ ಮತದಾನ ಹತ್ತಿರ ಬಂದಾಗ ಅವಸರದಲ್ಲಿ ಪತ್ರ ತಿದ್ದುವುದು. ಸೌತ್ ಕೆರೊಲೈನಾದ ಬಿಷಪ್ ಮಾರ್ಕ್ ಲಾರೆನ್ಸ್ 2011ರಲ್ಲಿ ಸಭೆಗಳಿಗೆಲ್ಲ ಹಕ್ಕುಬಿಡುಗಡೆ ಪತ್ರ ಬರೆದುಕೊಟ್ಟರು. 2012ರಲ್ಲಿ ಅವರ ಮೇಲೆ ಬಂದ ಶಿಸ್ತಿನ ಆರೋಪಗಳಲ್ಲಿ ಅದೂ ಒಂದಾಯಿತು.

ಹಣವನ್ನು ಮರೆಯಬೇಡಿ. ಕಟ್ಟಡದ ಜೊತೆ ಬ್ಯಾಂಕ್ ಖಾತೆ, ಬೆಳ್ಳಿ ಬಟ್ಟಲು, ದೀಕ್ಷಾಸ್ನಾನ ಮತ್ತು ಮದುವೆಯ ದಾಖಲೆ ಪುಸ್ತಕ ಎಲ್ಲವೂ ಪಟ್ಟಿಗೆ ಬರುತ್ತವೆ. 2013ರಲ್ಲಿ ಫಾಲ್ಸ್ ಚರ್ಚ್ ಪೂರ್ತಿ ಬರಿಗೈಯಲ್ಲಿ ಬರಲಿಲ್ಲ. ಸಭಾಪ್ರಾಂತಕ್ಕೆ ಹೋಗಕೂಡದು ಎಂದು ದಾನಿಗಳು ಷರತ್ತು ಹಾಕಿ ಕೊಟ್ಟಿದ್ದ ಹಣದ ಮಟ್ಟಿಗೆ ಕೆಳ ಕೋರ್ಟಿನ ಆದೇಶ ರದ್ದಾಯಿತು. ಆ ಷರತ್ತೇ ಆ ಹಣವನ್ನು ಉಳಿಸಿತು.

ನೇರಮಾತು
ಟೆಕ್ಸಾಸ್ ಬಿಟ್ಟಿರಿ. 2020ರ ಮೇ 22ರಂದು ಫೋರ್ಟ್ ವರ್ತ್ ಪ್ರಕರಣದಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಹೊರಬಂದ ಸಭಾಪ್ರಾಂತಕ್ಕೇ ಆಸ್ತಿ ಕೊಟ್ಟಿತು. ಟೆಕ್ಸಾಸ್ ಕಾನೂನಿನಲ್ಲಿ, ರದ್ದು ಮಾಡಲಾಗದು ಎಂದು ಸ್ಪಷ್ಟವಾಗಿ ಬರೆಯದ ಟ್ರಸ್ಟನ್ನು ರದ್ದು ಮಾಡಬಹುದು. ಡೆನ್ನಿಸ್ ಕ್ಯಾನನ್ನಿನಲ್ಲಿ ಆ ಮಾತಿಲ್ಲ. ಕ್ಯಾನನ್ ಒಂದೇ, ಪಂಥ ಒಂದೇ, ರಾಜ್ಯದ ಗಡಿ ದಾಟಿದರೆ ಮಾಲೀಕ ಬೇರೆ.

ಗೆದ್ದ ಮೇಲೆ ಪಂಥ ಆ ಟ್ರಸ್ಟನ್ನು ಹೇಗೆ ನಡೆಸಿತು ಎಂಬುದನ್ನೂ ಕೇಳಬೇಕು. ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚಿನ ಸೇಂಟ್ ಜೇಮ್ಸ್ ಕಟ್ಟಡಕ್ಕೆ ಲಾಸ್ ಏಂಜಲೀಸ್ ಸಭಾಪ್ರಾಂತ ವರ್ಷಗಟ್ಟಲೆ ಬಡಿದಾಡಿ 2013ರಲ್ಲಿ ಕೈಗೆ ತೆಗೆದುಕೊಂಡಿತು. 2015ರಲ್ಲಿ ಬಿಷಪ್ ಜಾನ್ ಬ್ರೂನೋ ಅದೇ ಜಾಗವನ್ನು ಸುಮಾರು 1.5 ಕೋಟಿ ಡಾಲರಿಗೆ ಕಟ್ಟಡ ವ್ಯವಹಾರದವರಿಗೆ ಮಾರಲು ಹೊರಟು, ತಮ್ಮದೇ ಎಪಿಸ್ಕೋಪಲ್ ಸಭೆಯನ್ನು ಹೊರಗಿಟ್ಟು ಬೀಗ ಹಾಕಿಸಿದರು. 2017ರಲ್ಲಿ ಪಂಥದ ವಿಚಾರಣಾ ಮಂಡಳಿಯೇ ಅವರಿಗೆ ಮೂರು ವರ್ಷದ ಅಮಾನತು ವಿಧಿಸಿತು. ಯಾರ ಹೆಸರಿನಲ್ಲಿ ಟ್ರಸ್ಟ್ ಎಂದರೋ ಆ ಮುಂದಿನ ಪೀಳಿಗೆಯ ಸಭೆಯೇ ಬೀದಿಯಲ್ಲಿ ನಿಂತಿತ್ತು.

ಕಡತಗಾರ
ನ್ಯೂಪೋರ್ಟ್ ವಿಷಯ ಒಪ್ಪುತ್ತೇನೆ, ಅದು ತಪ್ಪೇ. ಆದರೆ ಫಾಲ್ಸ್ ಚರ್ಚಿನಲ್ಲಿ ಪಂಥ ಬಿಡದೆ ಉಳಿದ ಸಣ್ಣ ಗುಂಪನ್ನು ಇಲ್ಲಿ ಯಾರೂ ನೆನೆಯಲಿಲ್ಲ. ವ್ಯಾಜ್ಯ ಮುಗಿಯುವವರೆಗೆ ಅವರು ರಸ್ತೆಯಾಚೆಯ ಪ್ರೆಸ್ಬಿಟೇರಿಯನ್ ಚರ್ಚಿನಲ್ಲಿ ಆರಾಧನೆ ಮಾಡಿದರು. ಅವರೂ ಕಾಣಿಕೆ ಹಾಕಿದವರೇ.

ಹಳೆಬೇರು
ಈ ಗುಂಪಿನ ವಿಷಯ ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಬೋಧನೆಯ ಬಗ್ಗೆ ನನ್ನ ಮಾತು ಹಿಂತೆಗೆದುಕೊಳ್ಳುವುದಿಲ್ಲ. ಕೋರ್ಟು ಬಿಟ್ಟು ಬೇರೆ ದಾರಿ ಇರಲಿಲ್ಲವೇ?

ತುಂಗಾತೀರ
ಇತ್ತು, ಅದೇ ಪ್ರಕರಣದೊಳಗೇ. ಟ್ರೂರೋ 2012ರಲ್ಲಿ ಸೋತ ಮೇಲೆ ಮೇಲ್ಮನವಿ ಹೋಗಲಿಲ್ಲ. ಸಭಾಪ್ರಾಂತದ ಜೊತೆ ಕೂತು ಒಪ್ಪಂದ ಮಾಡಿಕೊಂಡಿತು. ಹಕ್ಕು ಸಭಾಪ್ರಾಂತದ್ದು, ನಿರ್ವಹಣೆಯ ಖರ್ಚು ಸಭೆಯದ್ದು, ಬಾಡಿಗೆ ಇಲ್ಲ, ಅವಧಿ 2013ರ ಜೂನ್‌ವರೆಗೆ. ಅವಧಿ ಆಮೇಲೆ ವಿಸ್ತರಣೆಯಾಯಿತು, 2017ರಲ್ಲಿ ಇಬ್ಬರೂ ಸೇರಿ ಶಾಂತಿ ಸಂಧಾನದ ಸಂಸ್ಥೆಯೊಂದನ್ನೂ ಅಲ್ಲೇ ತೆರೆದರು. ಫಾಲ್ಸ್ ಚರ್ಚಿನವರು 2012ರ ಮೇಯಲ್ಲಿ ಕೀಲಿಕೈ ಕೊಟ್ಟು ಹೊರಟು, ಏಳು ವರ್ಷ ಬಾಡಿಗೆ ಜಾಗಗಳಲ್ಲಿ ಕೂಡಿ, 2019ರಲ್ಲಿ ತಮ್ಮದೇ ಹೊಸ ಕಟ್ಟಡಕ್ಕೆ ಬಂದರು. ಟ್ರೂರೋ ಒಪ್ಪಂದದಲ್ಲಿ ನೋಡಬೇಕಾದ ಸಾಲು ಬಾಡಿಗೆಯದ್ದಲ್ಲ, ಅವಧಿಯದ್ದು. ನವೀಕರಣ ಯಾರ ಇಷ್ಟಕ್ಕೆ ಬಿಟ್ಟಿದ್ದು ಎಂದು ಮೊದಲೇ ಬರೆಸಿಕೊಳ್ಳದಿದ್ದರೆ ಬಿಷಪ್ ಬದಲಾದ ದಿನ ಮತ್ತೆ ಮೊದಲಿನಿಂದ ಮಾತುಕತೆ.